ಸೂಚನೆ ಅರ್ಜಿಯೊಳಗೇ ಇರಲಿ

ಗೋವಾದ ವಾಸ್ಕೋದಲ್ಲಿರುವ ಕನ್ನಡಿಗರು ಮಾಮಲೇದಾರ ಕಚೇರಿಗೆ ಅರ್ಜಿ ಕೊಡಲೆಂದು ನೀವು ವರ್ಡ್‌ನಲ್ಲಿ ಟೆಂಪ್ಲೇಟ್ ಮಾಡಿಕೊಟ್ಟಿದ್ದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಸೂಚನೆಗಳನ್ನು ಕೆಂಪಕ್ಷರದಲ್ಲಿ ಟೈಪ್ ಮಾಡಿಟ್ಟರೆ, ಅಳಿಸಲು ಮರೆತವರ ಅರ್ಜಿಯಲ್ಲಿ ಅವೂ ಪ್ರಿಂಟ್ ಆಗಿಬಿಡುತ್ತವೆ. ನಿಮ್ಮ ತೊಂದರೆಯ ಮೂಲ ಅದೇ.

ಅದರ ಬದಲು ವರ್ಡ್‌ನ ಡೆವಲಪರ್ ಟ್ಯಾಬ್‌ನಿಂದ ಕಂಟೆಂಟ್ ಕಂಟ್ರೋಲ್ (ಮಾಹಿತಿ ತುಂಬುವ ಜಾಗ) ಸೇರಿಸಿ, ಡಿಸೈನ್ ಮೋಡ್‌ನಲ್ಲಿ ಅದರೊಳಗಿನ ಬೂದು ವಾಕ್ಯವನ್ನು ಬದಲಿಸಿ. ಅರ್ಜಿ ಇಂಗ್ಲಿಷಿನದಾದರೂ ಸೂಚನೆ ಕನ್ನಡದಲ್ಲೇ ಇರಲಿ, ಇದು ನನ್ನ ಒತ್ತಾಯ. ‘ವಿಳಾಸ’ ಎಂದಷ್ಟೇ ಇದ್ದರೆ, ಬಾಗಲಕೋಟೆಯಿಂದ ಬಂದವರು ಊರಿನ ಮನೆಯದೋ ವಾಸ್ಕೋದ ಬೈನಾದಲ್ಲಿರುವ ಬಾಡಿಗೆ ಮನೆಯದೋ ಎಂದು ತಡವರಿಸುತ್ತಾರೆ. ‘ಗೋವಾದಲ್ಲಿ ಈಗ ವಾಸವಿರುವ ಮನೆ ನಂಬರ್, ವಾಡೊ (ಕೇರಿ), ಪಿನ್‌ಕೋಡ್, ಇಂಗ್ಲಿಷ್ ದೊಡ್ಡಕ್ಷರದಲ್ಲಿ’ ಎಂದು ಬಿಡಿಸಿ ಬರೆಯಿರಿ. ಟೈಪ್ ಮಾಡಲು ಶುರುಮಾಡಿದೊಡನೆ ಸೂಚನೆ ತಾನಾಗಿ ಹೋಗುತ್ತದೆ. ತುಂಬದೆ ಬಿಟ್ಟ ಜಾಗದ ಸೂಚನೆ ಮಾತ್ರ ವರ್ಡ್‌ನಲ್ಲಿ ಪ್ರಿಂಟ್ ಆಗುತ್ತದೆ, ಎಚ್ಚರ. ದಿನಾಂಕಕ್ಕೆ ಡೇಟ್ ಪಿಕರ್ ಸಾಕು.

ಸೇವ್ ಮಾಡುವಾಗ ‘ವರ್ಡ್ ಟೆಂಪ್ಲೇಟ್’ ಆರಿಸಿ; ಡಬಲ್ ಕ್ಲಿಕ್ ಮಾಡಿದಾಗ ಹೊಸ ಪ್ರತಿ ತೆರೆದು, ಮೂಲ ಹಾಗೇ ಉಳಿಯುತ್ತದೆ. ದುಡ್ಡು ಕೊಡಲಾಗದವರಿಗೆ ಲಿಬ್ರೆಆಫೀಸ್ ರೈಟರ್ ಇದೆ. ಅದರಲ್ಲೂ ಪ್ಲೇಸ್‌ಹೋಲ್ಡರ್ ಫೀಲ್ಡ್ ಸಿಗುತ್ತದೆ. ಹಂಚುವ ಮೊದಲು ಕಂಪ್ಯೂಟರ್ ಅಷ್ಟಾಗಿ ಬಳಸದ ಒಬ್ಬರಿಂದ ತುಂಬಿಸಿ ನೋಡಿ. ಅವರು ನಿಮ್ಮನ್ನು ಕೇಳಿದ ಪ್ರತಿ ಪ್ರಶ್ನೆಯ ಉತ್ತರವನ್ನೂ ಆಯಾ ಜಾಗದ ಸೂಚನೆಗೆ ಸೇರಿಸಿ.