ಹಳೆಯ ಕಥೆಗೆ ಹೊಸ ಹಂದರ

ಬಲ್ಲ ಕಥೆಯನ್ನೇ ಹೊಸದಾಗಿ ಬರೆಯಹೊರಟ ವಿದ್ಯಾರ್ಥಿಗಳು ಮೊದಲು ಹಂದರ ಹಾಕಿಕೊಳ್ಳಬೇಕು. ಊರು ಬಿಟ್ಟು ಹೈದರಾಬಾದಿಗೆ ಬಂದ ನಮಗೆ ಇದರ ಮೇಲ್ಪಂಕ್ತಿ ದೂರದಲ್ಲಿಲ್ಲ. ಇದೇ ತೆಲಂಗಾಣದ ವೇಮುಲವಾಡದಿಂದ ಆಳಿದ ಅರಿಕೇಸರಿಯ ಆಸ್ಥಾನದಲ್ಲಿ, 10ನೆಯ ಶತಮಾನದಲ್ಲಿ, ಪಂಪನು ವ್ಯಾಸಭಾರತವನ್ನು ಹೊಸದಾಗಿ ಹೆಣೆದನು. ಅರ್ಜುನನನ್ನು ನಾಯಕನನ್ನಾಗಿಸಿ, ದ್ರೌಪದಿಯನ್ನು ಅವನೊಬ್ಬನ ಮಡದಿಯಾಗಿಸಿದನು. ಆದರೂ ಕರ್ಣನ ಎಳೆಯನ್ನು ಬಡವಾಗಿಸಲಿಲ್ಲ. ಎದುರಾಳಿಯ ಹಿರಿಮೆಯಿಂದಲೇ ನಾಯಕನ ಗೆಲುವಿಗೆ ತೂಕ. ಅದೇ ಶತಮಾನದ ರನ್ನನು ಭೀಮ-ದುರ್ಯೋಧನರ ಗದಾಯುದ್ಧವನ್ನೇ ನಡುಗಂಬವಾಗಿ ನಿಲ್ಲಿಸಿ, ಹಿಂದಿನ ಸಂಗತಿಗಳನ್ನು ಸಿಂಹಾವಲೋಕನ ಕ್ರಮದಿಂದ ಅದಕ್ಕೆ ಹಬ್ಬಿಸಿದನು.

ನಾವೂ ಬರೆಯುವ ಮುನ್ನ ಪ್ರತಿಯೊಂದು ಎಳೆಗೂ ಒಂದು ಸಾಲು ಬರೆದುಕೊಳ್ಳೋಣ: ಅದು ಎಲ್ಲಿ ಹುಟ್ಟುವುದು, ಮುಖ್ಯಕಥೆಯನ್ನು ಎಲ್ಲಿ ಕೂಡುವುದು, ಎಲ್ಲಿ ಮುಗಿಯುವುದು? ಕೂಡದ ಎಳೆಯು ಎಷ್ಟೇ ಚೆಲುವಾಗಿದ್ದರೂ ಬಿಡತಕ್ಕದ್ದು. ಉಳಿಸಿಕೊಂಡ ಎಳೆಯನ್ನು ಬಹುಕಾಲ ಮರೆಯಲ್ಲಿಡಬಾರದು. ಕಾಣದ ಪಾತ್ರವನ್ನು ಓದುಗನು ಮರೆಯುವನು.