ನಿತ್ಯವೃತ್ತಿಯಲ್ಲಿ ಕಾಲನಿಯಮ



ಕಳೆದ ಪಕ್ಷದ ಉಪನ್ಯಾಸವು ಮುಗಿದ ಬಳಿಕ ತರುಣರೊಬ್ಬರು ನಮ್ಮ ಬಳಿಗೆ ಬಂದು, "ರಾಯರೇ, ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿಯೇ ಕುಳಿತು ಕಂಪ್ಯೂಟರಿನ ಮುಂದೆ ದುಡಿಯುತ್ತೇನೆ. ಆದರೂ ಈ ದಿನ ಯಾವುದು ಮುಗಿಯಿತೆಂದು ಕೇಳಿದರೆ ಹೇಳಲು ತೋರದು. ಸಂಜೆಯ ಮಂಗಳಾರತಿಗೆ ಬರಲೂ ಬಿಡುವಿಲ್ಲ" ಎಂದು ನೊಂದು ನುಡಿದರು. ಅವರ ತಾತನವರು ಬಿನ್ನಿ ಗಿರಣಿಯ ನೇಯ್ಗೆಯ ವಿಭಾಗದಲ್ಲಿದ್ದವರು. ಆ ತಾತನವರ ಮಗ್ಗದಲ್ಲಿಯೇ ಮೊಮ್ಮಗನ ಪ್ರಶ್ನೆಗೆ ಬೇಕಾದ ಪಾಠವಿದೆಯೆಂದು ನಮಗೆ ತೋರಿದುದರಿಂದ ಈ ಲೇಖನ.

ನಮ್ಮ ಪೇಟೆಗೆ ಹೆಸರು ಬಂದುದೇ ಆ ಗಿರಣಿಯಿಂದ. 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಹೆಸರಿನಿಂದ ಸ್ಥಾಪಿತವಾಗಿ, ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದ ಆ ಗಿರಣಿಯು ಈಗಿಲ್ಲ. ಅದರ ನೆಲದಲ್ಲಿ ಬಹುಮಹಡಿ ವಸತಿಗಳು ಎದ್ದಿವೆ. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಪಾಳಿಯ ಕೂಗು ದುಡಿಮೆಗೆ ಆದಿಯನ್ನೂ ಅಂತ್ಯವನ್ನೂ ಹೇಳುತ್ತಿತ್ತು. 1948ರ ಕಾರ್ಖಾನೆ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ಮಿತಿಯನ್ನೂ, ಐದು ಗಂಟೆ ಮೀರುವ ಮೊದಲು ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತ್ತು. ಮನೆಯಲ್ಲಿ ಕುಳಿತು ದುಡಿಯುವ ಮೊಮ್ಮಗನಿಗೆ ಇಂಥ ಕೂಗು ಇಲ್ಲವಾದ್ದರಿಂದ ಅವನ ಪಾಳಿಯು ಎಂದೂ ಮುಗಿಯುವುದಿಲ್ಲ. ನಿಜವಾಗಿ ಆರಂಭವಾಗುವುದೂ ಇಲ್ಲ.

ನೇಯ್ಗೆಯವರಲ್ಲಿ ಇನ್ನೊಂದು ಅಭ್ಯಾಸವಿತ್ತು. ಹಾಸಿನ ಒಂದು ಎಳೆ ಕಡಿದರೆ ಮಗ್ಗವನ್ನು ಒಡನೆಯೇ ನಿಲ್ಲಿಸಿ, ಗಂಟು ಹಾಕಿ, ಆಮೇಲೆ ಮುಂದುವರಿಯುವುದು. ಕಡಿದ ಎಳೆಯನ್ನು ಬಿಟ್ಟು ಲಾಳಿಯನ್ನು ಓಡಿಸಿದರೆ ಬಟ್ಟೆ ಉದ್ದವಾಗುತ್ತದೆ ನಿಜ, ಆದರೆ ಉದ್ದಕ್ಕೂ ಗೆರೆ ಬಿದ್ದ ಬಟ್ಟೆ. ಜಪಾನಿನ ಸಕಿಚಿ ತೊಯೋದ ಅವರು 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗವು ಎಳೆ ಕಡಿದೊಡನೆ ತಾನಾಗಿಯೇ ನಿಲ್ಲುತ್ತಿತ್ತು. ಅದೇ ನಿಯಮವನ್ನು ಅವರ ವಂಶದವರು ಮೋಟಾರು ತಯಾರಿಕೆಗೂ ಅಳವಡಿಸಿದರು. ಆ ಸಂಸ್ಥೆಯ ಕಾರ್ಖಾನೆ ನಮ್ಮ ಮೈಸೂರು ರಸ್ತೆಯ ಬಿಡದಿಯಲ್ಲಿಯೇ ಇದೆ. ದೋಷ ಕಂಡಾಗ ನಿಂತವನಿಗೆ ಕೆಲವು ನಿಮಿಷಗಳ ನಷ್ಟ. ನಿಲ್ಲದವನಿಗೆ ಇಡೀ ಥಾನಿನ ನಷ್ಟ.

ಇದನ್ನು ನಾವು ಕಲಿತದ್ದು ತಡವಾಗಿ, ಮತ್ತು ಪರರ ಕಷ್ಟದಿಂದ. ನಾವು ಬಹುಕಾಲ ಒಂದು ಕಛೇರಿಯ ಲೆಕ್ಕಪತ್ರ ಶಾಖೆಯಲ್ಲಿದ್ದೆವು. ಒಂದು ಮಧ್ಯಾಹ್ನ ನಿವೃತ್ತ ಕಾರ್ಮಿಕರೊಬ್ಬರಿಗೆ ಸಲ್ಲಬೇಕಾದ ಹಣದ ಕಡತವನ್ನು ಬರೆಯುತ್ತಿರುವಾಗ ದೂರವಾಣಿ ಕರೆಯಿತು. ಅದು ಮುಗಿಯುವಷ್ಟರಲ್ಲಿ ಕಾಫಿಗೆ ಮಿತ್ರರು ಬಂದರು. ಹಿಂದಿರುಗಿ ಬಂದು ಮೇಲಿದ್ದ ಬೇರೊಂದು ಕಡತವನ್ನು ಕೈಗೆತ್ತಿಕೊಂಡೆವು. ಅರ್ಧ ಬರೆದ ಆ ಹಾಳೆಯು ರಾಶಿಯ ಅಡಿಯಲ್ಲಿ ಒಂದು ತಿಂಗಳು ಮಲಗಿತು. ಹಣಕ್ಕಾಗಿ ಕಾದ ಆ ವೃದ್ಧರು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದರು. ಹಣ ಪಡೆಯಲು ಬಂದಾಗ, ಸಹಿ ಎಲ್ಲಿ ಹಾಕಬೇಕೆಂದು ನಾವೇ ಅವರ ಬೆರಳನ್ನು ಹಿಡಿದು ತೋರಿಸಬೇಕಾಯಿತು. ಅವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಆ ದಿನದಿಂದ, ಕೆಲಸದ ನಡುವೆ ಏಳಲೇಬೇಕಾದಾಗ, ಎಲ್ಲಿಗೆ ನಿಂತಿತು, ಮುಂದೇನು ಮಾಡಬೇಕು ಎಂಬ ಒಂದು ಸಾಲನ್ನು ಚೀಟಿಯಲ್ಲಿ ಬರೆದು ಕಡತದ ಮೇಲಿಟ್ಟೇ ಏಳುತ್ತೇವೆ. ನಮ್ಮ ಪಾಲಿಗೆ ಅದೇ ಗಂಟು.

ಇನ್ನು ಕಾಲದ ಅಳತೆ. ಶ್ರೀಮದಾಚಾರ್ಯರ ಸದಾಚಾರಸ್ಮೃತಿಯು ಎಚ್ಚರಗೊಂಡಲ್ಲಿಂದ ಆರಂಭಿಸಿ ದಿನಚರಿಯನ್ನು ಕ್ರಮಪಡಿಸುವುದನ್ನು ವಾಚಕರು ಬಲ್ಲರು. ಪಂಚಾಂಗವು ಅಹೋರಾತ್ರಿಯನ್ನು 60 ಘಳಿಗೆಗಳಾಗಿ ವಿಭಾಗಿಸುತ್ತದೆ. ಒಂದು ಘಳಿಗೆಗೆ 24 ನಿಮಿಷ. ಹಿಂದಿನವರು ತಳದಲ್ಲಿ ಸಣ್ಣ ರಂಧ್ರವಿದ್ದ ಘಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗುವವರೆಗಿನ ಕಾಲವನ್ನು ಎಣಿಸುತ್ತಿದ್ದರು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬವರು 1980ರ ದಶಕದಲ್ಲಿ ವಿದ್ಯಾರ್ಥಿಯಾಗಿದ್ದಾಗ, ಟೊಮೇಟೊ ಆಕಾರದ ಅಡುಗೆಮನೆಯ ಗಡಿಯಾರವನ್ನು ಮುಂದಿಟ್ಟುಕೊಂಡು ಓದಲಾರಂಭಿಸಿದರು. ಅವರ ಪದ್ಧತಿಯು 25 ನಿಮಿಷ ಒಂದೇ ಕೆಲಸ, ಬಳಿಕ 5 ನಿಮಿಷ ಬಿಡುವು ಎಂದು ನೆಲೆಗೊಂಡು ಜಗತ್ತಿನಲ್ಲೆಲ್ಲ ಹರಡಿದೆ. ನಮ್ಮ ಘಳಿಗೆಗೂ ಅದಕ್ಕೂ ಒಂದೇ ನಿಮಿಷದ ಅಂತರ! ಇದು ಕೇವಲ ಕಾಕತಾಳೀಯವಾದರೂ ವಾಚಕರಿಗೆ ನೆನಪಿಡಲು ಅನುಕೂಲ.

ಆ ತರುಣರಿಗೆ ನಾವು ಹೇಳಿದುದು ಇಷ್ಟೆ. ಬೆಳಗಿನ ಮೊದಲ ಎರಡು ಘಳಿಗೆಗಳನ್ನು ಆ ದಿನದ ಅತ್ಯಂತ ಕಠಿಣವಾದ ಕೆಲಸಕ್ಕೆ ಮೀಸಲಿಡಿ. ಆ ಹೊತ್ತು ಮೊಬೈಲು ಬೇರೆ ಕೋಣೆಯಲ್ಲಿರಲಿ. ಘಳಿಗೆ ಮುಗಿದೊಡನೆ ಎದ್ದು ನೀರು ಕುಡಿಯಿರಿ, ಕಿಟಕಿಯ ಬಳಿಗೆ ನಡೆಯಿರಿ. ನಡುವೆ ನೆನಪಾದ ಬೇರೆ ಕೆಲಸಗಳನ್ನು ಚೀಟಿಯಲ್ಲಿ ಗುರುತಿಸಿ ಬಿಡಿ. ಅಂಗಡಿಯವರಿಗೂ ಆಸ್ಪತ್ರೆಯ ದಾದಿಯರಿಗೂ ಈ ಘಳಿಗೆಯ ನಿಯಮ ಒಗ್ಗದು. ಕರೆದವರ ಬಳಿಗೆ ಹೋಗುವುದೇ ಅವರ ಕರ್ತವ್ಯ. ಅವರಿಗೆ ಚೀಟಿಯೊಂದೇ ಸಾಕು.

ಸಂಜೆಯ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಹಟ ಹಿಡಿದೆವು. ಗಿರಣಿಯಲ್ಲಿ ಒಬ್ಬನ ಪಾಳಿ ಮುಗಿದಾಗ ಮಗ್ಗವು ಮತ್ತೊಬ್ಬನ ಕೈಗೆ ಹೋಗುತ್ತಿತ್ತು. ಮನೆಯಲ್ಲಿ ದುಡಿಯುವವನ ಮಗ್ಗವನ್ನು ಪಡೆಯುವವನು ಮರುದಿನದ ತಾನೇ. ಆದಕಾರಣ ಗೊತ್ತಾದ ಹೊತ್ತಿಗೆ, ಕಡೆಯ ಹತ್ತು ನಿಮಿಷಗಳಲ್ಲಿ ನಾಳೆಯ ಮೊದಲ ಕೆಲಸವನ್ನು ಬರೆದಿಟ್ಟು ಯಂತ್ರವನ್ನು ಮುಚ್ಚಬೇಕು. ಏಕಾದಶಿಯನ್ನು ಆಚರಿಸುವವರು ಅಂಕಿಗಳನ್ನು ತಾಳೆ ನೋಡುವಂಥ ಕೆಲಸಗಳನ್ನು ದಶಮಿಯಂದೇ ಮುಗಿಸಿಕೊಳ್ಳುವುದು ಲೇಸು. ಉಪವಾಸದ ಅಪರಾಹ್ನದಲ್ಲಿ ಕೂಡಿಸಿದ ಮೊತ್ತಗಳನ್ನು ನಾವು ದ್ವಾದಶಿಯ ಪಾರಣೆಯ ನಂತರ ಅನೇಕ ಬಾರಿ ತಿದ್ದಿದ್ದೇವೆ.

ಮೊನ್ನೆ ಗುರುವಾರ ಆ ತರುಣರು ಮಂಗಳಾರತಿಗೆ ಬಂದಿದ್ದರು. ತೀರ್ಥಕ್ಕೆ ಕೈ ನೀಡುವಾಗ ಅವರ ಅಂಗಿಯ ಜೇಬಿನಿಂದ ಮಡಿಸಿದ ಚೀಟಿಯೊಂದು ಇಣುಕುತ್ತಿತ್ತು.