ಸಂಜೆಯ ಕೂಲಿ ಸಂಜೆಗೇ

ಮಗೂ, ಫ್ರೀಮಾಂಟ್‌ನಲ್ಲಿ ಮನೆ ಕೊಂಡಿದ್ದೀಯ, ಹಿತ್ತಿಲ ಬೇಲಿ ಬಿದ್ದುಹೋಗಿದೆ, ಹೋಮ್ ಡಿಪೋ ಅಂಗಡಿ ಮುಂದೆ ಕೂಲಿಗೆ ನಿಂತಿರುವವರಲ್ಲಿ ಒಬ್ಬನನ್ನು ಕರೆತಂದು ಹಾಕಿಸುತ್ತೇನೆ ಅಂದೆಯಲ್ಲ, ಸಂತೋಷ. ಕರೆಯುವ ಮುಂಚೆ ಆ ಮನುಷ್ಯನ ಮನಸ್ಸಿನ ಬಗ್ಗೆ ನಾಲ್ಕು ಮಾತು ಹೇಳಬೇಕು ಅನ್ನಿಸಿತು.

ಅವರು ನಿಲ್ಲುವ ಜಾಗಕ್ಕೆ ಇಲ್ಲಿ 'ಪರಾದಾ' ಅನ್ನುತ್ತಾರೆ. ಸಾನ್ ಫ್ರಾನ್ಸಿಸ್ಕೋದ ಸೀಸರ್ ಚಾವೆಜ್ ರಸ್ತೆಯಲ್ಲಿ, ಬರ್ಕ್ಲಿಯ ಹರ್ಸ್ಟ್ ಅವೆನ್ಯೂನಲ್ಲಿ ನೀನೂ ನೋಡಿರಬಹುದು. ಬೆಳಗಾಗುತ್ತಲೇ ಬಂದು ನಿಲ್ಲುತ್ತಾರೆ. ಪಿಕಪ್ ಗಾಡಿಯೊಂದು ನಿಧಾನವಾದರೆ ಸಾಕು, ಹತ್ತಾರು ಜನ ಮುತ್ತಿಕೊಳ್ಳುತ್ತಾರೆ. ಒಳಗಿದ್ದವನು ಎರಡು ಬೆರಳು ತೋರಿಸುತ್ತಾನೆ. ಇಬ್ಬರು ಹತ್ತಿ ಹೋದರೆ ಉಳಿದವರು ಮತ್ತೆ ಗೋಡೆಗೆ ಒರಗುತ್ತಾರೆ. ಅಲ್ಲಿ ಒಮ್ಮೆ ಒಬ್ಬ ಊರಿಗೆ ವಿಡಿಯೊ ಕಾಲ್ ಮಾಡುತ್ತಿದ್ದ. ಹಿಂದಿನ ಪಾರ್ಕಿಂಗ್ ಜಾಗ ಕಾಣಬಾರದೆಂದು ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಕೆಲಸದಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಅಂದ. ಹನ್ನೊಂದು ಗಂಟೆಯಾಗಿತ್ತು, ಆ ದಿನ ಅವನಿಗೆ ಕೆಲಸ ಸಿಕ್ಕಿರಲಿಲ್ಲ. ಫೋನ್ ಇಟ್ಟ ಮೇಲೆ ಪಕ್ಕದವರು ಕರೆದರೂ ಓಗೊಡಲಿಲ್ಲ.

ಮೆಕ್ಸಿಕೊ, ಗ್ವಾಟೆಮಾಲಾ ಕಡೆಯಿಂದ ಬಂದ ಇವರೆಲ್ಲ ಯಾಕೆ ಊರಿಗೆ ಹೋಗಿಬರುವುದಿಲ್ಲ ಎಂದು ನೀನು ಕೇಳಬಹುದು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದವರು ಹಬ್ಬಕ್ಕೋ ಜಾತ್ರೆಗೋ ಊರು ಮುಟ್ಟುತ್ತಾರಲ್ಲ, ಹಿಂದೆ ಮೆಕ್ಸಿಕೊದ ಗಂಡಸರೂ ಹಾಗೆಯೇ ಬಂದು, ದುಡಿದು, ಮರಳುತ್ತಿದ್ದರು. 1994ರಲ್ಲಿ ಸಾನ್ ಡಿಯಾಗೋ ಗಡಿಯಲ್ಲಿ 'ಆಪರೇಷನ್ ಗೇಟ್‌ಕೀಪರ್' ಶುರುವಾಗಿ ಕಾವಲು ಬಿಗಿಯಾಯಿತು. ದಾಟುವ ದಾರಿ ಮರುಭೂಮಿಗೆ ಹೊರಳಿತು, ದಾಟಿಸುವವರ ದರ ಏರಿತು. ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರಲಾಗುವುದಿಲ್ಲ ಎಂದು ಬಂದವರು ಬಂದಲ್ಲೇ ಉಳಿದರು. ಹೊಟ್ಟೆಯಲ್ಲಿದ್ದಾಗ ಬಿಟ್ಟುಬಂದ ಮಗು ಶಾಲೆಗೆ ಹೋಗುವಷ್ಟಾಗಿರುತ್ತದೆ, ಅಪ್ಪ ಅದನ್ನು ಎತ್ತಿಕೊಂಡಿರುವುದಿಲ್ಲ. ದಾಟಿ ಬಂದ ಸಾಲಕ್ಕೆ ಊರಿನ ಮನೆ, ಹೊಲ ಒತ್ತೆ ಬಿದ್ದಿರುತ್ತದೆ. ಇಂಥವನಿಗೆ ರಾತ್ರಿ ನಿದ್ದೆ ಹತ್ತದಿದ್ದರೆ ಅದನ್ನು ಬರೀ ಕಾಯಿಲೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮಗೆ ಆಗಿದ್ದರೆ ನಾವೂ ನಿದ್ದೆಗೆಡುತ್ತಿದ್ದೆವು.

ಇನ್ನು ನೀನು ಎಲ್ಲಿ ಬರುತ್ತೀಯ ಕೇಳು. ಆಬೆಲ್ ವಲೆನ್ಸುವೇಲಾ ಮತ್ತು ಜೊತೆಯವರು 2004ರಲ್ಲಿ ಅಮೆರಿಕದ ಉದ್ದಗಲಕ್ಕೆ 2,660 ದಿನಗೂಲಿಗಳನ್ನು ಮಾತಾಡಿಸಿ 2006ರಲ್ಲಿ ವರದಿ ಕೊಟ್ಟರು. ಇವರನ್ನು ಕೆಲಸಕ್ಕೆ ಕರೆಯುವವರಲ್ಲಿ ಸುಮಾರು ಅರ್ಧದಷ್ಟು ನಿನ್ನಂಥ ಮನೆಯವರೇ ಆಗಿದ್ದರು. ಮಾತಾಡಿಸಿದ್ದಕ್ಕೂ ಹಿಂದಿನ ಎರಡು ತಿಂಗಳಲ್ಲಿ ಒಮ್ಮೆಯಾದರೂ ಕೂಲಿ ಮೋಸಕ್ಕೆ ಸಿಕ್ಕವರು ನೂರಕ್ಕೆ 49. ನೀರು, ಊಟ, ವಿರಾಮ ಸಿಗದವರು 44. ಐವರಲ್ಲಿ ಒಬ್ಬನಿಗೆ ಕೆಲಸದಲ್ಲಿ ಪೆಟ್ಟು ಬಿದ್ದಿತ್ತು. ಒಳ್ಳೆಯ ತಿಂಗಳಲ್ಲಿ 1,400 ಡಾಲರ್ ಕಂಡವನು ಕೆಟ್ಟ ತಿಂಗಳಲ್ಲಿ 500ಕ್ಕೆ ಇಳಿಯುತ್ತಿದ್ದ. ಇವರ ಮನಸ್ಸು ಹಾಳಾಗುವುದು ಹೆಚ್ಚಾಗಿ ಇಲ್ಲಿಯೇ, ಕೂಲಿ ಕೊಡುವವನ ಅಂಗಳದಲ್ಲಿ. ಕೌನ್ಸೆಲರ್ ಹತ್ತಿರ ಹೋಗುವ ಮೊದಲೇ ಆ ಮನಸ್ಸನ್ನು ಸ್ವಲ್ಪ ಹಗುರ ಮಾಡುವುದು ನಿನ್ನ ಕೈಯಲ್ಲಿದೆ.

ಅದಕ್ಕೆ, ಗಾಡಿ ಹತ್ತಿಸುವ ಮುಂಚೆಯೇ ಗಂಟೆಗೆಷ್ಟು, ಎಷ್ಟು ಹೊತ್ತಿನ ಕೆಲಸ ಎಂದು ಬಾಯಿಬಿಟ್ಟು ಹೇಳು. ಸಂಜೆಯ ಕೂಲಿ ಸಂಜೆಗೇ, ನಗದಾಗಿ, ಅವನ ಕೈಗೆ. ಎಟಿಎಂಗೆ ಹೋಗಬೇಕಿತ್ತು, ನಾಳೆ ಬಾ ಎನ್ನಬೇಡ. ನಾಳೆ ನೀನು ಸಿಗದೇ ಹೋದರೆ ಎಂಬ ಚಿಂತೆಯಲ್ಲಿ ಅವನು ರಾತ್ರಿ ಕಳೆಯುತ್ತಾನೆ. ಹೆಸರು ಕೇಳು, ಕಾಗದಪತ್ರ ಕೇಳಬೇಡ. ಊಟಕ್ಕೆ ಕರೆದರೆ ನಿನ್ನ ಜೊತೆಗೇ ಕೂರಿಸು. ಅನ್ನ, ಹುರುಳಿಕಾಯಿ ಪಲ್ಯ, ಹಸಿಮೆಣಸಿನಕಾಯಿ ಅವರಿಗೇನೂ ಹೊಸದಲ್ಲ. ದಣಿದಿದ್ದಾನೆ ಎಂದು ಬಿಯರ್ ಕೈಗಿಡಬೇಡ. ಒಂಟಿತನಕ್ಕೆ ಕುಡಿತ ಹಿಡಿದವರು, ಅದನ್ನು ಬಿಡಲು ಒದ್ದಾಡುತ್ತಿರುವವರು ಅವರಲ್ಲಿ ಬಹಳ. ಕೆಲಸ ಮುಗಿದ ಮೇಲೆ ಕರೆತಂದ ಜಾಗಕ್ಕೇ ಬಿಟ್ಟುಬಾ.

ಏಣಿಯಿಂದ ಬಿದ್ದರೆ ಆಸ್ಪತ್ರೆಗೆ ನೀನೇ ಕರೆದುಕೊಂಡು ಹೋಗು. ನಿಕೊಲಸ್ ವಾಲ್ಟರ್, ಫಿಲಿಪ್ ಬುರ್ಗ್ವಾ ಮತ್ತು ಜೊತೆಯವರು ಸಾನ್ ಫ್ರಾನ್ಸಿಸ್ಕೋದ ದಿನಗೂಲಿಗಳ ಗಾಯಗಳ ಬಗ್ಗೆ 2002ರಲ್ಲಿ ಬರೆದಿದ್ದಾರೆ. ಗಾಯಕ್ಕಿಂತ ಅವರನ್ನು ಕುಗ್ಗಿಸುವುದು ಊರಿಗೆ ಹಣ ಕಳಿಸಲಾಗದ ನಾಚಿಕೆ. ದುಡ್ಡಿಲ್ಲದೆ ಯಾವ ಮುಖ ಇಟ್ಟುಕೊಂಡು ಮಾತಾಡಲಿ ಎಂದು ಫೋನ್ ಮಾಡುವುದನ್ನೇ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ಮನುಷ್ಯ ತೀರಾ ಒಂಟಿ.

ಈಗಂತೂ ಭಯ ಸೇರಿಕೊಂಡಿದೆ. 2025ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ವೆಸ್ಟ್‌ಲೇಕ್‌ನಲ್ಲಿ ಹೋಮ್ ಡಿಪೋ ಮುಂದೆ ನಿಂತವರನ್ನು ವಲಸೆ ಇಲಾಖೆಯವರು ಹಿಡಿದೊಯ್ದರು. ಆಗಸ್ಟ್‌ನಲ್ಲಿ ಅದೇ ಜಾಗಕ್ಕೆ ಬಾಡಿಗೆ ಲಾರಿಯಲ್ಲಿ ಅಡಗಿ ಬಂದರು. ಅದೇ ತಿಂಗಳು ಮನ್ರೋವಿಯಾದಲ್ಲಿ ದಾಳಿಗೆ ಹೆದರಿ ಓಡಿದವನೊಬ್ಬ 210ನೇ ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಸತ್ತ. ಹಾಗಾಗಿ ನಿನ್ನ ಗಾಡಿ ಹತ್ತಿರ ನಿಂತಾಗ ಅವರು ಹಿಂದೆ ಸರಿದರೆ ಬೇಸರಿಸಬೇಡ. ಕಿಟಕಿ ಇಳಿಸು, ಮುಖ ತೋರಿಸು, ಏನು ಕೆಲಸ ಎಂದು ಮೊದಲು ಹೇಳು.

ಮನಸ್ಸು ಹೇಗಿದೆಯಪ್ಪ ಎಂದು ನೇರ ಕೇಳಲು ಹೋಗಬೇಡ. ಮಕ್ಕಳೆಷ್ಟು, ಊರಲ್ಲಿ ಏನು ಬೆಳೆಯುತ್ತಾರೆ ಎಂದು ಕೇಳು, ಹೇಳಬೇಕೆನಿಸಿದ್ದನ್ನು ಅವನೇ ಹೇಳುತ್ತಾನೆ. ಓಕ್ಲೆಂಡ್ ಕಡೆ ಗ್ವಾಟೆಮಾಲಾದ ಮಾಮ್ ಭಾಷೆಯವರು ಬಹಳ. ಅವರಿಗೆ ಸ್ಪ್ಯಾನಿಷ್ ಕಲಿತ ಭಾಷೆ, ದುಃಖ ಹೇಳಿಕೊಳ್ಳುವ ಭಾಷೆಯಾಗಿರಲಿಕ್ಕಿಲ್ಲ. ಬದುಕಿ ಏನು ಪ್ರಯೋಜನ ಎನ್ನುವ ಮಾತು ಬಂದರೆ ಕೇಳಿಸದಂತೆ ಇರಬೇಡ. ಕೆಲಸ ನಿಲ್ಲಿಸಿ ಜೊತೆಗೆ ಕೂರು. 988 ಸಹಾಯವಾಣಿಗೆ ಫೋನ್ ಮಾಡಿ ಎರಡು ಒತ್ತಿದರೆ ಸ್ಪ್ಯಾನಿಷ್‌ನಲ್ಲಿ ಮಾತಾಡುವವರು ಸಿಗುತ್ತಾರೆ. ಓಕ್ಲೆಂಡ್‌ನಲ್ಲಿ 'ಲಾ ಕ್ಲಿನಿಕಾ ದೆ ಲಾ ರಾಸಾ' 1971ರಿಂದ ಇಂಥ ಬಡವರನ್ನೇ ನೋಡಿಕೊಂಡು ಬಂದಿದೆ.

ಆದರೆ ಔಷಧಿಗಿಂತ ಹೆಚ್ಚು ಗುಣ ಕೊಟ್ಟದ್ದನ್ನು ನಾನು ಕಂಡಿರುವುದು ಕೂಲಿಕಾರರ ಕೇಂದ್ರಗಳಲ್ಲಿ. ಅಲ್ಲಿ ಕೆಲಸ ಸರದಿಯ ಮೇಲೆ ಸಿಗುತ್ತದೆ, ಗಾಡಿಯ ಹಿಂದೆ ಓಡಬೇಕಾಗಿಲ್ಲ. ಕಾಫಿ ಇರುತ್ತದೆ, ಇಂಗ್ಲಿಷ್ ಪಾಠ ಇರುತ್ತದೆ, ಕೂಲಿ ಕೊಡದವನ ಮೇಲೆ ದೂರು ಬರೆದುಕೊಡುವವರು ಇರುತ್ತಾರೆ. ಲಾಸ್ ಏಂಜಲೀಸ್‌ನಲ್ಲಂತೂ ದಿನಗೂಲಿಗಳೇ ಸೇರಿ 'ಲೋಸ್ ಹೊರ್ನಲೇರೋಸ್ ದೆಲ್ ನೋರ್ತೆ' ಎಂಬ ವಾದ್ಯಮೇಳ ಕಟ್ಟಿ ತಮ್ಮ ಪಾಡನ್ನು ತಾವೇ ಹಾಡುತ್ತಾರೆ. ನಿನ್ನ ಮನೆಗೆ ಹತ್ತಿರ ಅಂಥ ಕೇಂದ್ರ ಇದೆಯೇ ಎಂದು ಮೊದಲು ವಿಚಾರಿಸು, ಇದ್ದರೆ ಅಲ್ಲಿಂದಲೇ ಕರೆ. ಒಬ್ಬನ ಬದಲು ಇಬ್ಬರನ್ನು ಕರೆದರೆ ಇನ್ನೂ ಒಳ್ಳೆಯದು, ಗುರುತಿಲ್ಲದ ಮನೆಯಲ್ಲಿ ಒಬ್ಬನೇ ದುಡಿಯುವುದು ಅವನಿಗೂ ಅಳುಕು. ಕೆಲಸ ಹಿಡಿಸಿದರೆ ನಂಬರ್ ತೆಗೆದುಕೊಂಡು ಮುಂದಿನ ಕೆಲಸದ ದಿನವನ್ನು ಅಲ್ಲೇ ಹೇಳಿಬಿಡು. ಆ ದಿನ ನಿನಗೆ ಆಗುವುದಿಲ್ಲ ಎಂದಾದರೆ ಹಿಂದಿನ ರಾತ್ರಿಯೇ ಫೋನ್ ಮಾಡು, ಬೆಳಿಗ್ಗೆ ಬೇರೆ ಕಡೆ ಹೋಗಿ ನಿಲ್ಲಲು ಅವನಿಗೆ ಹೊತ್ತು ಸಿಗುತ್ತದೆ.